ಗುದನಾಳದ ಆರಂಭಿಕ ಗಡ್ಡೆ: ಎಷ್ಟು ಕತ್ತರಿಸಿದರೆ ಸಾಕು?

ಗುದನಾಳದ ಕ್ಯಾನ್ಸರ್ ಎಂದೊಡನೆ ಹಲವರನ್ನು ಕಾಡುವ ಭಯ, ಇನ್ನು ಜೀವನಪೂರ್ತಿ ಹೊಟ್ಟೆಗೆ ಚೀಲ ಅಂಟಿಸಿಕೊಂಡಿರಬೇಕೇ ಎಂಬುದು. ಈ ಭಯಕ್ಕೆ ನೂರು ವರ್ಷಕ್ಕೂ ಮೀರಿದ ಹಿನ್ನೆಲೆಯಿದೆ.

ಲಂಡನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಮೈಲ್ಸ್ ಮೊದಮೊದಲು ಗಡ್ಡೆಯನ್ನು ಕೆಳಗಿನಿಂದಷ್ಟೇ ತೆಗೆಯುತ್ತಿದ್ದರು. 57 ರೋಗಿಗಳಲ್ಲಿ 54 ಮಂದಿಗೆ ರೋಗ ಮರುಕಳಿಸಿತು. ದುಗ್ಧಗ್ರಂಥಿಗಳ (ಲಿಂಫ್ ನೋಡ್) ಮೂಲಕ ಅದು ಮೇಲಕ್ಕೆ ಹಬ್ಬಿರುವುದನ್ನು ಮನಗಂಡ ಅವರು, 1908ರಲ್ಲಿ ಹೊಟ್ಟೆ ಮತ್ತು ಗುದದ್ವಾರ ಎರಡೂ ಕಡೆಯಿಂದ ಕೊಯ್ದು ಎಲ್ಲವನ್ನೂ ಒಟ್ಟಿಗೆ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಗುದದ್ವಾರವೇ ಹೋಗುತ್ತಿದ್ದುದರಿಂದ ಶಾಶ್ವತ ಕೊಲೊಸ್ಟಮಿ, ಅಂದರೆ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಅಂಟಿಸುವುದು, ಅನಿವಾರ್ಯವಾಯಿತು.

1982ರಲ್ಲಿ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕಿನ ಬಿಲ್ ಹೀಲ್ಡ್, ಗುದನಾಳವನ್ನು ಸುತ್ತುವರಿದ ಕೊಬ್ಬಿನ ಹೊದಿಕೆಯನ್ನು ಹರಿಯದಂತೆ ಇಡಿಯಾಗಿ ಬಿಡಿಸಿ ತೆಗೆಯಬೇಕೆಂದು ತೋರಿಸಿದರು. ಗ್ರಂಥಿಗಳಿರುವುದು ಅದರೊಳಗೇ. ಮರುಕಳಿಕೆ ಗಣನೀಯವಾಗಿ ತಗ್ಗಿತು, ಅನೇಕರ ಗುದದ್ವಾರವೂ ಉಳಿಯಿತು. ಮುಂದೆ ಇದೇ ಶಸ್ತ್ರಚಿಕಿತ್ಸೆಯನ್ನು ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ, ಮಾಡತೊಡಗಿದರು. 2015ರಲ್ಲಿ ಪ್ರಕಟವಾದ ಕಲರ್-2 ಅಧ್ಯಯನ ಇದನ್ನು ತೆರೆದ ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿತು; ಮೂರು ವರ್ಷಗಳ ನಂತರ ಅದೇ ಜಾಗದಲ್ಲಿ ರೋಗ ಮರುಕಳಿಸಿದ್ದು ಎರಡೂ ಗುಂಪುಗಳಲ್ಲಿ ಶೇ 5. ಅದೇ ವರ್ಷದ ಬೇರೆರಡು ಅಧ್ಯಯನಗಳಿಗೆ ಮಾತ್ರ, ಲ್ಯಾಪರೊಸ್ಕೋಪಿಯಲ್ಲಿ ತೆಗೆದ ಭಾಗದ ಗುಣಮಟ್ಟ ತೆರೆದ ಶಸ್ತ್ರಚಿಕಿತ್ಸೆಗಿಂತ ಕಡಿಮೆಯಲ್ಲ ಎಂದು ಸಾಬೀತುಪಡಿಸಲು ಆಗಲಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಲ್ಯಾಪರೊಸ್ಕೋಪಿಯಲ್ಲಿ ಚಿಕ್ಕದಾಗುವುದು ಹೊಟ್ಟೆಯ ಮೇಲಿನ ಗಾಯ. ಗುದನಾಳ ಹೋಗುವುದು ಹೋಗಿಯೇ ಹೋಗುತ್ತದೆ. ಪದೇ ಪದೇ ಶೌಚಕ್ಕೆ ಓಡಬೇಕಾಗುವುದು, ನರಗಳಿಗೆ ಪೆಟ್ಟಾದರೆ ಮೂತ್ರದ ಹಾಗೂ ಲೈಂಗಿಕ ತೊಂದರೆ, ಇವು ಆಗಲೂ ಬರಬಹುದು. ರೋಗಿಗೆ ಇದನ್ನು ಮೊದಲೇ ಬಿಡಿಸಿ ಹೇಳಬೇಕು.

ನಿಜವಾದ ಬೇರೆ ದಾರಿ ತೆರೆದವರು ಜರ್ಮನಿಯ ಗೆರ್ಹಾರ್ಡ್ ಬ್ಯೂಸ್. 1980ರ ದಶಕದ ಆರಂಭದಲ್ಲಿ ಅವರು ರೂಪಿಸಿದ ಸಾಧನ 4 ಸೆಂಟಿಮೀಟರ್ ಅಗಲದ ಕೊಳವೆ. ಗುದದ್ವಾರದ ಮೂಲಕ ಅದನ್ನಿಳಿಸಿ, ಇಂಗಾಲದ ಡೈಆಕ್ಸೈಡ್ ತುಂಬಿ ಗುದನಾಳವನ್ನು ಹಿಗ್ಗಿಸಿ, ಗಡ್ಡೆಯನ್ನು ಗೋಡೆಯ ಪೂರ್ತಿ ದಪ್ಪದೊಂದಿಗೆ ಕತ್ತರಿಸಿ ಹೊಲಿಗೆ ಹಾಕಲಾಗುತ್ತದೆ. ಹೊಟ್ಟೆಯನ್ನು ಮುಟ್ಟುವುದೇ ಇಲ್ಲ. ಆದರೆ ಗ್ರಂಥಿಗಳು ಒಳಗೇ ಉಳಿಯುತ್ತವೆ, ಮೈಲ್ಸ್ ಅವರನ್ನು ಕಾಡಿದ್ದೂ ಅವೇ.

ಹಾಗಾಗಿ ತೀರ್ಮಾನದ ಬಹುಪಾಲು ಪ್ರಯೋಗಾಲಯದಲ್ಲಿ ಆಗುತ್ತದೆ. ಕತ್ತರಿಸಿದ ತುಂಡನ್ನು ಬೆಂಡಿನ ಹಲಗೆಯ ಮೇಲೆ ಹರಡಿ, ಅಂಚುಗಳು ಮುದುಡದಂತೆ ಪಿನ್ನು ಚುಚ್ಚಿ ಕಳುಹಿಸುತ್ತಾರೆ. ಅಂಚು ಶುದ್ಧವಾಗಿದೆಯೇ, ಕ್ಯಾನ್ಸರ್ ಎಷ್ಟು ಆಳಕ್ಕಿಳಿದಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಲಾಗುತ್ತದೆ. ಲೋಳೆಪೊರೆಯ ಕೆಳಪದರದ ಮೇಲಿನ ಮೂರನೇ ಒಂದು ಭಾಗದಲ್ಲೇ ನಿಂತಿದ್ದರೆ ಗ್ರಂಥಿಗೆ ಹಬ್ಬಿರುವುದು ಅಪರೂಪ. ತಳದ ಭಾಗ ತಲುಪಿದ್ದರೆ ಅಪಾಯ ಹತ್ತಿರಹತ್ತಿರ ಐವರಲ್ಲಿ ಒಬ್ಬರಿಗೆ. ಆಗ ದೊಡ್ಡ ಶಸ್ತ್ರಚಿಕಿತ್ಸೆಗೆ ಒಪ್ಪಿಕೊಳ್ಳುವುದೇ ವಿವೇಕ ಎಂಬುದು ನನ್ನ ಅಭಿಪ್ರಾಯ.

ಈ ಅಪಾಯವನ್ನು ವಿಕಿರಣದಿಂದ ತಗ್ಗಿಸಬಹುದೇ ಎಂದು ಬ್ರಿಟನ್ನಿನ ಟ್ರೆಕ್ ಅಧ್ಯಯನ ಪರೀಕ್ಷಿಸಿತು. 2021ರಲ್ಲಿ ಅದರ ಫಲಿತಾಂಶ ಬಂತು: ಮೊದಲು ಅಲ್ಪಾವಧಿಯ ವಿಕಿರಣ, ನಂತರ ಗುದದ್ವಾರದ ಮೂಲಕ ಶಸ್ತ್ರಚಿಕಿತ್ಸೆ ಪಡೆಯುವ ಗುಂಪಿನ 27 ಮಂದಿಯಲ್ಲಿ 19 ಮಂದಿಯ ಗುದನಾಳ ಉಳಿದಿತ್ತು. ಚೀಟಿ ಎತ್ತಿದಂತೆ ಈ ಗುಂಪಿಗೂ ದೊಡ್ಡ ಶಸ್ತ್ರಚಿಕಿತ್ಸೆಯ ಗುಂಪಿಗೂ ಹಂಚಿಕೆಯಾದವರು ಒಟ್ಟು 55 ಮಂದಿ ಮಾತ್ರ; ಆಯುಷ್ಯದ ಬಗ್ಗೆ ತೀರ್ಪು ಕೊಡಲು ಇದು ಸಾಲದು. ಇದರ ಮುಂದುವರಿಕೆಯಾದ ಸ್ಟಾರ್-ಟ್ರೆಕ್ ಬ್ರಿಟನ್, ನೆದರ್ಲೆಂಡ್ಸ್ ಮತ್ತು ಡೆನ್ಮಾರ್ಕ್ ರೋಗಿಗಳನ್ನು ಸೇರಿಸಿಕೊಂಡು ಇದೇ ಪ್ರಶ್ನೆಯನ್ನು ಇನ್ನೂ ದೊಡ್ಡ ಮಟ್ಟದಲ್ಲಿ ಕೈಗೆತ್ತಿಕೊಂಡಿದೆ.