ಉಕ್ಕಿನ ಮೇಲಿನ ನವಿಲುಬಣ್ಣ

ಒಮ್ಮೆಗೆ ಒಂದೇ ತೋಟಾ ಹಿಡಿಯುವ ಹಳೆಯ ಅಮೆರಿಕನ್ ರೈಫಲ್ ಕೈಗೆ ಬಂದರೆ, ಪಳಗಿದ ಸಂಗ್ರಾಹಕರು ಬಹಳ ಹೊತ್ತು ನೋಡುವುದು ಅದರ ಮೈಬಣ್ಣವನ್ನು. ಬಂದೂಕಿನ ನಿಜವಾದ ಜಾತಕ ಇರುವುದು ಅಲ್ಲೇ ಎಂಬುದು ನನ್ನ ನಂಬಿಕೆ ಕೂಡ.

1879ರಲ್ಲಿ ಯೂಟಾದ ಆಗ್ಡನ್ ಊರಿನ 24 ವರ್ಷದ ಜಾನ್ ಮೋಸಸ್ ಬ್ರೌನಿಂಗ್ ಇಂಥದೊಂದು ರೈಫಲ್‌ಗೆ ಪೇಟೆಂಟ್ ಪಡೆದ. ಟ್ರಿಗರ್ ಸುತ್ತಲಿನ ಲಿವರ್ ಕೆಳಗೆ ತಳ್ಳಿದರೆ ಉಕ್ಕಿನ ದಪ್ಪ ತುಂಡೊಂದು ಜಾರಿ ಇಳಿದು ನಳಿಕೆಯ ಹಿಂಬಾಗಿಲು ತೆರೆದುಕೊಳ್ಳುತ್ತದೆ. ತೋಟಾ ಇಟ್ಟು ಲಿವರ್ ಎತ್ತಿದರೆ ಬಾಗಿಲು ಭದ್ರ. ವಿಂಚೆಸ್ಟರ್ ಕಂಪನಿ ಇದರ ಹಕ್ಕನ್ನು ಕೊಂಡು 1885ರಲ್ಲಿ ಮಾರುಕಟ್ಟೆಗೆ ತಂದಿತು. ಒಂದರ ಹಿಂದೊಂದು ಗುಂಡು ಹಾರಿಸುವ ರೈಫಲ್‌ಗಳು ಆಗಲೇ ಇದ್ದವು. ಆದರೂ ಉದ್ದನೆಯ, ಬಲವಾದ ತೋಟಾಗಳಿಗೆ, ದೂರದ ಗುರಿಗೆ ಜನ ನಂಬುತ್ತಿದ್ದುದು ಈ ಗಟ್ಟಿ ಬಾಗಿಲನ್ನೇ. 1874ರಲ್ಲಿ ನ್ಯೂಯಾರ್ಕಿನ ಕ್ರೀಡ್‌ಮೂರ್‌ನಲ್ಲಿ 800, 900, 1,000 ಗಜಗಳ ಪಂದ್ಯ ನಡೆದಾಗ, ಷಾರ್ಪ್ಸ್ ಮತ್ತು ರೆಮಿಂಗ್ಟನ್‌ಗಳ ಒಂಟಿ ತೋಟಾದ ರೈಫಲ್ ಹಿಡಿದ ಅಮೆರಿಕನ್ನರು ಐರಿಷ್ ತಂಡವನ್ನು 934–931ರಲ್ಲಿ ಸೋಲಿಸಿದ್ದರು.

ಈಗ ಬಣ್ಣದ ಮಾತು. ಇವುಗಳಲ್ಲಿ ಹಲವು ರೈಫಲ್‌ಗಳ ನಡುಭಾಗ, ಅಂದರೆ ಆ ಬಾಗಿಲು ಕೂರುವ ಚೌಕಟ್ಟು, ಇಂಗಾಲ ಕಡಿಮೆಯಿರುವ ಮೆದು ಲೋಹದ್ದು. ಅದನ್ನು ಮೂಳೆ ಇದ್ದಿಲು, ಚರ್ಮದ ಇದ್ದಿಲಿನ ಜೊತೆ ಕಬ್ಬಿಣದ ಪೆಟ್ಟಿಗೆಯಲ್ಲಿ ತುಂಬಿ ಗಂಟೆಗಟ್ಟಲೆ ಕೆಂಪಗೆ ಕಾಯಿಸಿ ನೀರಿಗೆ ಸುರಿಯುತ್ತಿದ್ದರು. ಇಂಗಾಲ ಮೇಲ್ಪದರಕ್ಕೆ ಮಾತ್ರ ಇಳಿಯುತ್ತದೆ. ಮೈ ಗಡುಸಾಗುತ್ತದೆ, ಒಳಗಿನ ತಿರುಳು ಪೆಟ್ಟು ತಡೆಯುವಂತೆ ಮೆದುವಾಗಿಯೇ ಉಳಿಯುತ್ತದೆ. ಜೊತೆಗೆ ನೀಲಿ, ನೇರಳೆ, ಹುಲ್ಲುಹಳದಿಯ ಮೋಡಗಳೂ ಮೂಡುತ್ತವೆ. ಬಳಿದ ಬಣ್ಣವಲ್ಲ ಅದು. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಆಕ್ಸೈಡ್ ಪೊರೆಯ ಮೇಲಿನಿಂದಲೂ ತಳದಿಂದಲೂ ಮರಳಿದ ಬೆಳಕು ಒಂದರೊಡನೊಂದು ಬೆರೆತು ಕಾಣುವ ಬಣ್ಣ, ಮಳೆನೀರಿನ ಮೇಲೆ ಹರಡಿದ ಪೆಟ್ರೋಲಿನದರ ಹಾಗೆ.

ಅಷ್ಟು ತೆಳುವಾದ ಪೊರೆ ಕೈಯ ಉಜ್ಜಾಟಕ್ಕೂ ಬೆವರಿಗೂ ಸವೆದು ಬೂದಿಬಣ್ಣಕ್ಕೆ ತಿರುಗುತ್ತದೆ. ಆದರೆ ಹಿಂಬದಿಯ ಮರ ಬಿಚ್ಚಿದರೆ, ನೂರು ವರ್ಷ ಕೈ ಸೋಕದ ಲೋಹದಲ್ಲಿ ಅದೇ ನೀಲಿ ಇನ್ನೂ ಹೊಳೆಯುತ್ತಿರಬಹುದು. ಹೊರಗೂ ಒಳಗೂ ಒಂದೇ ತಾಜಾತನವಿದ್ದರೆ ಅನುಮಾನ ಪಡಬೇಕು. ಭೂತಗನ್ನಡಿ ಹಿಡಿದು ಕಂಪನಿಯ ಹೆಸರಿನ ಅಕ್ಷರಗಳನ್ನು ನೋಡಿ: ಅಚ್ಚೊತ್ತಿದಾಗ ಸುತ್ತ ಉಬ್ಬಿದ ಚೂಪು ಅಂಚು ಮೊಂಡಾಗಿದ್ದರೆ ಯಾರೋ ಉಜ್ಜುಕಾಗದ ಹಿಡಿದಿದ್ದಾರೆ. ಆ ಅಂಚು ಮತ್ತೆ ಬರುವುದಿಲ್ಲ.

ನಳಿಕೆಯ ಶತ್ರು ಬೇರೆ. ಆ ಕಾಲದ ತೋಟಾಗಳಲ್ಲಿ ತುಂಬುತ್ತಿದ್ದ ಕರಿಮದ್ದು ಉರಿದ ಮೇಲೆ ಅದರ ಅರ್ಧಕ್ಕಿಂತ ಹೆಚ್ಚು ತೂಕ ಘನರೂಪದಲ್ಲೇ ಉಳಿಯುತ್ತದೆ. ಅದರಲ್ಲಿನ ಪೊಟ್ಯಾಸಿಯಂ ಲವಣಗಳು ಗಾಳಿಯ ತೇವ ಎಳೆದುಕೊಳ್ಳುತ್ತವೆ. ಮುಂದೆ ತೋಟಾದ ಹಿಂಬದಿಯ ಕಿಡಿಮದ್ದಿನಲ್ಲಿ ಬಂದ ಕ್ಲೋರೇಟ್ ಕೂಡ ಉಪ್ಪನ್ನೇ ಉಳಿಸಿತು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ಸವರಿ ನಿಶ್ಚಿಂತೆಯಾಗಿ ಮಲಗಿದವರ ನಳಿಕೆಗಳೇ ಒಳಗೊಳಗೆ ಗುಳಿಬಿದ್ದವು. ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಾಕಿದವರ ನಳಿಕೆಗಳಲ್ಲಿ ಗುಂಡನ್ನು ತಿರುಗಿಸುವ ಸುರುಳಿಗೀರುಗಳು ಇಂದಿಗೂ ಹೊಳೆಯುತ್ತವೆ.