ಒಂದೇ ಒಂದು ಟೀ ಶರ್ಟ್ ಪ್ರಿಂಟ್ ಮಾಡಿಸೋಕೆ ಆಗಲ್ವಾ?

ಪ್ರಶ್ನೆ: "ಮುಂದಿನ ತಿಂಗಳು ಅಪ್ಪನಿಗೆ 60 ತುಂಬುತ್ತೆ. ಅವರ ಹಳೇ ಜೀಪಿನ ಫೋಟೋ ಹಾಕಿ, ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆಸಿ ಟೀ ಶರ್ಟ್ ಕೊಡಬೇಕು ಅಂತ ಆಸೆ. ಗೋಣಿಕೊಪ್ಪಲಿನಲ್ಲಿ ಕೇಳಿದರೆ ಕಮ್ಮಿ ಅಂದ್ರೂ 20 ಪೀಸ್ ಬೇಕು ಅಂತಾರೆ. ಒಂದೇ ಒಂದು ಮಾಡಿಸೋಕೆ ಆಗಲ್ವಾ?"

ಆಗುತ್ತದೆ. ಖಂಡಿತ ಆಗುತ್ತದೆ. ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಮದುವೆ ಮನೆಯ ಊಟದ ಸಾಲಿನಲ್ಲಿ ಹೇಳಿದ್ದೇನೆ, ಕುಶಾಲನಗರದ ಬಸ್ಸಿಗೆ ಕಾಯುವಾಗ ಹೇಳಿದ್ದೇನೆ. ಆದರೂ ವಾರ ಕಳೆಯುವುದರೊಳಗೆ ಇನ್ನೊಬ್ಬರು "20 ಪೀಸ್ ಬೇಕಂತೆ ಅಲ್ವಾ?" ಅಂತ ಬರುತ್ತಾರೆ. ಅದಕ್ಕೇ ಈ ಸಲ ಬುಡದಿಂದ ಹೇಳುತ್ತೇನೆ.

ನಮ್ಮ ಕೊಡಗು ಜಿಲ್ಲೆಯಲ್ಲಿ ಈ ಮಾತು ಇಷ್ಟು ಆಳಕ್ಕೆ ಇಳಿದಿರುವುದಕ್ಕೆ ಕಾರಣ ಇದೆ. ಇಲ್ಲಿ ಟೀ ಶರ್ಟ್ ಪ್ರಿಂಟ್ ಅಂದರೆ ಮೊದಲು ನೆನಪಾಗುವುದೇ ತಂಡದ ಜೆರ್ಸಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರು ಮಾಡಿದಾಗ ಆಡಿದ್ದು 60 ತಂಡ. 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಾಪೋಕ್ಲಿನಲ್ಲಿ ನಡೆಸಿದಾಗ 360 ತಂಡ. ಪ್ರತಿ ತಂಡಕ್ಕೂ ಮನೆತನದ ಹೆಸರು, ನಂಬರ್ ಇರುವ ಜೆರ್ಸಿ ಬೇಕು. ಇದರ ಜೊತೆಗೆ ಕ್ರಿಕೆಟ್ ಟೂರ್ನಿಗಳು ಬೇರೆ. ಹಾಗಾಗಿ ಅಂಗಡಿಯವರ ಲೆಕ್ಕವೆಲ್ಲ ಡಜನ್‌ಗಳಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಹಾಕಿ ಜೋರಾಗಿರುವಾಗ ಒಂದು ಪೀಸ್ ಹಿಡಿದುಕೊಂಡು ಹೋದರೆ ಅವರಿಗೆ ತಲೆ ಎತ್ತಿ ನೋಡುವುದಕ್ಕೂ ಪುರುಸೊತ್ತಿರುವುದಿಲ್ಲ.

ಎರಡನೇ ಕಾರಣ ಸ್ಕ್ರೀನ್ ಪ್ರಿಂಟಿಂಗ್. ಚೌಕಟ್ಟಿಗೆ ತೆಳು ಜಾಲರಿ ಬಟ್ಟೆ ಬಿಗಿದು, ಬೆಳಕಿಗೆ ಗಟ್ಟಿಯಾಗುವ ಲೇಪ ಹಚ್ಚಿ, ಮೇಲೆ ಡಿಸೈನ್ ಇಟ್ಟು ಬೆಳಕು ಬಿಡುತ್ತಾರೆ. ಆಮೇಲೆ ತೊಳೆದರೆ ಡಿಸೈನ್ ಇದ್ದ ಕಡೆ ಮಾತ್ರ ಜಾಲರಿ ತೆರೆದುಕೊಳ್ಳುತ್ತದೆ. ಅಲ್ಲಿಂದ ಬಣ್ಣ ಬಟ್ಟೆಗೆ ಇಳಿಯುತ್ತದೆ. ಒಂದು ಬಣ್ಣಕ್ಕೆ ಒಂದು ಫ್ರೇಮ್. ಮೂರು ಬಣ್ಣಕ್ಕೆ ಮೂರು. ಒಂದು ಫ್ರೇಮ್ ತಯಾರಿಗೆ 600 ರೂಪಾಯಿ ಅಂತ ಇಟ್ಟುಕೊಳ್ಳಿ. ಮೂರಕ್ಕೆ 1800. ಅದನ್ನು 50 ಟೀ ಶರ್ಟ್‌ಗೆ ಹಂಚಿದರೆ ತಲಾ 36 ರೂಪಾಯಿ. ಒಂದೇ ಟೀ ಶರ್ಟ್ ಆದರೆ ಬಟ್ಟೆಯ ದುಡ್ಡು ಬಿಟ್ಟು ಪೂರ್ತಿ 1800 ಅದೊಂದರ ಮೇಲೇ ಬೀಳುತ್ತದೆ. ನಿಮ್ಮ ಜೀಪಿನ ಫೋಟೋದಲ್ಲಿ ಮೂರಲ್ಲ, ನೂರಾರು ಛಾಯೆ ಇರುತ್ತದೆ.

ಹಾಗಾದರೆ ಅಂಗಡಿಯವರು ಸುಳ್ಳು ಹೇಳಿದರಾ? ಇಲ್ಲ. ಅವರು ಮಾಡುವ ವಿಧಾನಕ್ಕೆ ಅದು ನಿಜ. ತಪ್ಪು ಆಗುವುದು, ಆ ಮಾತನ್ನು ನಾವು ಎಲ್ಲ ಪ್ರಿಂಟಿಂಗ್‌ಗೂ ಅಂಟಿಸಿದಾಗ. ಈಗ ಫ್ರೇಮೇ ಇಲ್ಲದ ವಿಧಾನಗಳಿವೆ. ಡಿಟಿಎಫ್ ಅಂತ ಕೇಳಿ. ಇದರಲ್ಲಿ ಪ್ರಿಂಟರ್ ನಿಮ್ಮ ಫೋಟೋವನ್ನು ಒಂದು ಪ್ಲಾಸ್ಟಿಕ್ ಫಿಲ್ಮ್ ಮೇಲೆ ಮುದ್ರಿಸುತ್ತದೆ, ಅದರ ಮೇಲೆ ಬಿಳಿ ಬಣ್ಣದ ಪದರ ಬರುತ್ತದೆ, ಅದಕ್ಕೆ ಅಂಟಿನ ಪುಡಿ ಉದುರಿಸಿ ಕಾಯಿಸುತ್ತಾರೆ. ಆ ಫಿಲ್ಮನ್ನು ಟೀ ಶರ್ಟ್ ಮೇಲಿಟ್ಟು ಹೀಟ್ ಪ್ರೆಸ್‌ನಲ್ಲಿ ಸುಮಾರು 150–160 ಡಿಗ್ರಿಯಲ್ಲಿ ಹತ್ತು-ಹದಿನೈದು ಸೆಕೆಂಡ್ ಒತ್ತಿದರೆ ಆಯಿತು. ಒಂದು ಮಾಡಿದರೂ ಅದೇ ಕೆಲಸ, ನೂರು ಮಾಡಿದರೂ ಅದೇ ಕೆಲಸ. ಕಾಟನ್ ಆಗಲಿ, ಕಪ್ಪು ಬಟ್ಟೆ ಆಗಲಿ, ಕೂರುತ್ತದೆ. ಬರೀ ಅಕ್ಷರ ಸಾಕು ಅಂದರೆ ವಿನೈಲ್ ಅನ್ನುವ ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಅಕ್ಷರದ ಆಕಾರಕ್ಕೆ ಕತ್ತರಿಸಿ ಒತ್ತಿಸಬಹುದು, ಅದೂ ಒಂದಕ್ಕೆ ಆಗುತ್ತದೆ.

ಬಲ್ಕ್ ರೇಟಿಗೆ ಹೋಲಿಸಿದರೆ ಒಂದು ಪೀಸ್ ದುಬಾರಿ, ನಿಜ. ಆದರೆ ನೀವು ಜೇಬಿನಿಂದ ತೆಗೆಯುವುದು ಒಂದರ ದುಡ್ಡು, ಇಪ್ಪತ್ತರದ್ದಲ್ಲ. ನಮ್ಮ ಸಂಬಂಧಿಕರೊಬ್ಬರು ಈ ಇಪ್ಪತ್ತರ ಮಾತು ನಂಬಿ ಅಷ್ಟೂ ಮಾಡಿಸಿದರು. ಬೇಕಾಗಿದ್ದು ಒಂದು. ಉಳಿದ 19 ಇವತ್ತಿಗೂ ಬೀರುವಿನಲ್ಲಿ ಮಡಚಿಟ್ಟ ಹಾಗೇ ಇವೆ. ಇನ್ನೊಬ್ಬರ ಅಪ್ಪನ ಮುಖ ಇರುವ ಬಟ್ಟೆಯನ್ನು ಯಾರು ಹಾಕಿಕೊಳ್ಳುತ್ತಾರೆ ಹೇಳಿ. ನನಗೆ ಅದನ್ನು ನೋಡಿದಾಗಲೆಲ್ಲ ಸಂಕಟ ಆಗುತ್ತದೆ.

ಆದ್ದರಿಂದ ಅಂಗಡಿಗೆ ಹೋಗಿ "ಎಷ್ಟು ಪೀಸ್ ಬೇಕು" ಅಂತ ಕೇಳಬೇಡಿ. "ಯಾವ ಪ್ರಿಂಟ್ ಮಾಡ್ತೀರಿ" ಅಂತ ಕೇಳಿ. ಆಮೇಲೆ "ಎಷ್ಟು ದಿನ ಬೇಕು" ಅಂತ ಕೇಳಿ. ಸಣ್ಣ ಊರಿನ ಎಷ್ಟೋ ಅಂಗಡಿಗಳಲ್ಲಿ ಪ್ರೆಸ್ ಮಾತ್ರ ಇರುತ್ತದೆ, ಫಿಲ್ಮ್ ದೊಡ್ಡ ಊರಿನಿಂದ ಮೀಟರ್ ಲೆಕ್ಕದಲ್ಲಿ ಬರುತ್ತದೆ. ಎರಡಡಿ ಅಗಲದ ಒಂದು ಮೀಟರ್ ಫಿಲ್ಮಿನಲ್ಲಿ ಎ4 ಅಳತೆಯ ಆರು ಚಿತ್ರ ಆರಾಮಾಗಿ ಹಿಡಿಸುತ್ತವೆ. ಬೇರೆಯವರ ಆರ್ಡರ್ ಸೇರಿ ಮೀಟರ್ ತುಂಬುವ ತನಕ ನಿಮ್ಮದು ಕಾಯಬೇಕಾಗಬಹುದು. ಒಂದು ತಿಂಗಳು ಇದೆಯಲ್ಲ, ಇವತ್ತೇ ಹೋಗಿ.

ಒಂದು ಎಚ್ಚರಿಕೆ. ಫೋಟೋ ಸ್ಟುಡಿಯೋದಲ್ಲಿ ಮಗ್ ಪ್ರಿಂಟ್ ಮಾಡುವ ವಿಧಾನದಲ್ಲೇ ಟೀ ಶರ್ಟನ್ನೂ ಮಾಡಿಕೊಡುತ್ತಾರೆ. ಅದು ಸಬ್ಲಿಮೇಷನ್. ಬಿಸಿಗೆ ಬಣ್ಣ ಆವಿಯಾಗಿ ಪಾಲಿಯೆಸ್ಟರ್ ನೂಲಿನ ಒಳಗೆ ಸೇರುತ್ತದೆ, ಕಾಟನ್ ಅದನ್ನು ಹಿಡಿದುಕೊಳ್ಳುವುದಿಲ್ಲ. ಬಿಳಿ ಇಂಕ್ ಇಲ್ಲದ ಕಾರಣ ತಿಳಿ ಬಣ್ಣದ ಬಟ್ಟೆಗೆ ಮಾತ್ರ ಸರಿ. ಅಪ್ಪನಿಗೆ ಕಾಟನ್ನೇ ಬೇಕು ಅಂದರೆ ಇದು ಬೇಡ, ಒಂದೆರಡು ಒಗೆತಕ್ಕೆ ಜೀಪು ಮಾಸಿ ಹೋಗುತ್ತದೆ.

ಫೋಟೋ ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಬೇಡಿ, ಸಣ್ಣದಾಗಿಬಿಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ಎ4 ಅಳತೆಗೆ ಚೆನ್ನಾಗಿ ಬರಬೇಕಾದರೆ ಸುಮಾರು 2480 ಗುಣಿಸು 3508 ಪಿಕ್ಸೆಲ್ ಇರಬೇಕು. ಸೈಜ್ ಗೊತ್ತಿಲ್ಲದಿದ್ದರೆ ಅಪ್ಪನ ಹಳೇ ಟೀ ಶರ್ಟನ್ನು ಚಾಪೆ ಮೇಲೆ ಹರಡಿ, ಕಂಕುಳಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ.

ಮಳೆಗಾಲವಾದರೆ ಇನ್ನೊಂದು ಮಾತು. ನಮ್ಮಲ್ಲಿ ಬಟ್ಟೆ ಬೀರುವಿನಲ್ಲಿದ್ದರೂ ತಣ್ಣಗೆ ಒದ್ದೆ ಒದ್ದೆ ಇರುತ್ತದೆ ಅಲ್ವಾ? ಆ ತೇವ ಇದ್ದರೆ ಅಂಟು ಹಿಡಿಯುವುದಿಲ್ಲ. ಫಿಲ್ಮ್ ಇಡುವ ಮೊದಲು ಬರೀ ಟೀ ಶರ್ಟನ್ನು ಐದಾರು ಸೆಕೆಂಡ್ ಒತ್ತಿ ತೇವ ಓಡಿಸಿ ಅಂತ ಹೇಳಿ. ಮೊದಲ ಒಗೆತಕ್ಕೆ ಒಂದು ದಿನ ಬಿಡಿ. ಒಗೆಯುವಾಗ ಒಳಮೈ ಹೊರಗೆ ಮಾಡಿ, ತಣ್ಣೀರಲ್ಲಿ. ಒಲೆ ಮೇಲಿನ ಹಗ್ಗದಲ್ಲಿ ಒಣಗಿಸಬೇಡಿ, ಪ್ರಿಂಟಿನ ಮೇಲೆ ನೇರವಾಗಿ ಇಸ್ತ್ರಿ ಇಡಬೇಡಿ.

ನೀವು ಕೇಳಲಿಲ್ಲ, ಆದರೂ ಕನ್ನಡ ಸಾಲಿನ ಬಗ್ಗೆ ಹೇಳದೆ ಇರಲಾರೆ. ನನಗೆ ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು ಇಲ್ಲೇ. ಬಣ್ಣ ಚೆನ್ನಾಗಿ ಬಂದಿರುತ್ತದೆ, ಬಟ್ಟೆ ಚೆನ್ನಾಗಿರುತ್ತದೆ, "ಅಪ್ಪ" ಅನ್ನುವುದು ಮಾತ್ರ "ಅಪ್‌ಪ" ಆಗಿರುತ್ತದೆ. "ಅಜ್ಜ" ಹೋಗಿ "ಅಜ್‌ಜ". ಡಿಸೈನ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಹಾಕಿರದಿದ್ದರೆ ಒತ್ತಕ್ಷರ ಕೆಳಗೆ ಇಳಿಯುವುದೇ ಇಲ್ಲ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕೊಡವ ತಕ್ಕನ್ನು, ಅಂದರೆ ಕೊಡವ ಭಾಷೆಯನ್ನು, ಕನ್ನಡ ಲಿಪಿಯಲ್ಲಿ ಬರೆಸುವವರಿಗೂ ಇದೇ ಪಾಡು. ಅಂಗಡಿಯ ಹುಡುಗನಿಗೆ ಭಾಷೆ ಬರದಿದ್ದರೆ ತಪ್ಪಾಗಿದೆ ಅಂತ ಅವನಿಗೆ ಗೊತ್ತೂ ಆಗುವುದಿಲ್ಲ.

ಪರಿಹಾರ ಸುಲಭ. ಸಾಲನ್ನು ಅವರಿಗೆ ಟೈಪ್ ಮಾಡಲು ಕೊಡಬೇಡಿ. ನೀವೇ ಫೋನಿನಲ್ಲಿ ಯೂನಿಕೋಡ್‌ನಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ಕೊಡಿ. ಇನ್ನೂ ಒಳ್ಳೆಯದು ಬೇಕಾ? ಅಮ್ಮನ ಕೈಲಿ ಬಿಳಿ ಹಾಳೆ ಮೇಲೆ ಕಪ್ಪು ಪೆನ್ನಿನಲ್ಲಿ ಆ ಸಾಲು ಬರೆಸಿ, ಹಗಲು ಬೆಳಕಿನಲ್ಲಿ ನೆಟ್ಟಗೆ ಫೋಟೋ ತೆಗೆಯಿರಿ. ಹಿನ್ನೆಲೆ ತೆಗೆದು ಅದನ್ನೇ ಪ್ರಿಂಟ್ ಮಾಡಬಹುದು. ಕೈಬರಹದ ಒತ್ತಕ್ಷರವನ್ನು ಯಾವ ಸಾಫ್ಟ್‌ವೇರೂ ಮುರಿಯಲಾರದು. ಫಿಲ್ಮ್ ಪ್ರಿಂಟಿಗೆ ಕಳಿಸುವ ಮೊದಲು ಕೊನೆಯ ಡಿಸೈನ್ ತೋರಿಸಲು ಹೇಳಿ, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿ, ಆಮೇಲೆ ಅಡ್ವಾನ್ಸ್ ಕೊಡಿ.