ಜ್ವರ ಬಿಟ್ಟಿತೆಂದು ವೊರಿಕೊನಜೋಲ್ ಬಿಡಬೇಡಿ

ಕಿಡ್ನಿ ಕಸಿ ಮಾಡಿಸಿಕೊಂಡವರ ಶ್ವಾಸಕೋಶಕ್ಕೆ ಆಸ್ಪರ್ಜಿಲಸ್ ಎಂಬ ಬೂಷ್ಟು ಹೊಕ್ಕರೆ, ಅದನ್ನು ಮಟ್ಟಹಾಕುವ ವೊರಿಕೊನಜೋಲ್ ಮಾತ್ರೆಯ ಚಿಕಿತ್ಸೆ ಕನಿಷ್ಠ 6ರಿಂದ 12 ವಾರ, ಕೆಲವರಿಗೆ ತಿಂಗಳುಗಟ್ಟಲೆ. ಜ್ವರ ಅದಕ್ಕೂ ಬಹಳ ಮೊದಲೇ ಇಳಿಯಬಹುದು. ಆಗ ಮನೆಯವರು ಕೇಳುತ್ತಾರೆ: ‘ಡಾಕ್ಟ್ರೇ, ಆರಾಮಾಗಿದಾರಲ್ಲ, ಇಷ್ಟು ದುಬಾರಿ ಮಾತ್ರೆ ಇನ್ನೂ ಬೇಕಾ?’ ಕೇಳಿದರೆ ನನಗೆ ಸಂತೋಷವೇ. ಕೇಳದೆ ನಿಲ್ಲಿಸಿ ಬರುವವರನ್ನು ಕಂಡಾಗ ಸಂಕಟವಾಗುತ್ತದೆ.

ನಡುವೆ ಬಿಟ್ಟರೆ ಬೂಷ್ಟು ಮರುಕಳಿಸಬಹುದು ಎಂಬುದನ್ನು ಬಹುತೇಕರು ಒಪ್ಪುತ್ತಾರೆ. ತಲೆಗೆ ಹೋಗದಿರುವುದು ಇನ್ನೊಂದು ಅಪಾಯ. ದೇಹ ಕಸಿ ಕಿಡ್ನಿಯ ಮೇಲೆ ತಿರುಗಿಬೀಳದಂತೆ ಕಾಪಾಡುವ ಟ್ಯಾಕ್ರೊಲಿಮಸ್ ಔಷಧಿ ಮುಖ್ಯವಾಗಿ ಲಿವರಿನ ಕಿಣ್ವದಿಂದ ಕರಗಿಹೋಗುತ್ತದೆ. ವೊರಿಕೊನಜೋಲ್ ಆ ಕಿಣ್ವವನ್ನು ತಡೆಯುವುದರಿಂದ ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಏರುತ್ತದೆ. ಹಾಗಾಗಿ ಮೊದಲ ದಿನವೇ ಟ್ಯಾಕ್ರೊಲಿಮಸ್ ಡೋಸನ್ನು ಸಾಮಾನ್ಯವಾಗಿ ಮೂರನೇ ಒಂದು ಪಾಲಿಗೆ ಇಳಿಸುತ್ತೇವೆ. ದಿನಕ್ಕೆ 3 ಮಿ.ಗ್ರಾಂ ನುಂಗುತ್ತಿದ್ದವರು 1 ಮಿ.ಗ್ರಾಂಗೆ ಬರುತ್ತಾರೆ. ಮುಂದೆ ರಕ್ತ ಪರೀಕ್ಷೆ ನೋಡಿ ಸರಿಪಡಿಸುತ್ತೇವೆ.

ಈಗ ನೀವೇ ವೊರಿಕೊನಜೋಲ್ ನಿಲ್ಲಿಸಿಬಿಟ್ಟಿರಿ ಎಂದುಕೊಳ್ಳಿ. ಕೆಲವೇ ದಿನಗಳಲ್ಲಿ ಕಿಣ್ವ ಮತ್ತೆ ಚುರುಕಾಗುತ್ತದೆ. ಟ್ಯಾಕ್ರೊಲಿಮಸ್‌ನ ಆ 1 ಮಿ.ಗ್ರಾಂ ಸಾಲುವುದಿಲ್ಲ. ದೇಹ ಕಸಿ ಕಿಡ್ನಿಯ ಮೇಲೆ ತಿರುಗಿಬೀಳಬಹುದು, ಎಷ್ಟೋ ಸಲ ನೋವೇ ಇಲ್ಲದೆ. ಕಿಡ್ನಿ ಸೋಸಿ ಹೊರಹಾಕುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿದಾಗಲೇ ಗೊತ್ತಾಗುವುದು. ಶ್ವಾಸಕೋಶದ ಮಾತ್ರೆ ಬಿಟ್ಟರೆ ಕಿಡ್ನಿಗೇನಾಗುತ್ತದೆ ಎನ್ನುವವರಿಗೆ ಇದೇ ಉತ್ತರ. ನಾವೇ ನಿಲ್ಲಿಸುವಾಗಲೂ ಟ್ಯಾಕ್ರೊಲಿಮಸ್ ಡೋಸ್ ಏರಿಸುತ್ತಾ, ಅದರ ಮಟ್ಟವನ್ನು ಮತ್ತೆ ಮತ್ತೆ ನೋಡುತ್ತೇವೆ.

ವೊರಿಕೊನಜೋಲ್ ಮಾತ್ರೆಯನ್ನು ತಿಂಡಿಯ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಊಟಕ್ಕೆ 1 ಗಂಟೆ ಮೊದಲು ಇಲ್ಲವೇ 1 ಗಂಟೆ ನಂತರ ತೆಗೆದುಕೊಳ್ಳಿ. ಕಣ್ಣು ಮಂಜಾದರೆ, ಬಣ್ಣಗಳು ಬೇರೆಯಾಗಿ ಕಂಡರೆ ಹೆದರಿ ಬಿಡಬೇಡಿ. ಸಾಮಾನ್ಯವಾಗಿ ಅದು ತಾನೇ ಸರಿಹೋಗುತ್ತದೆ. ಅಂಥ ಹೊತ್ತಿನಲ್ಲಿ ಗಾಡಿ ಮಾತ್ರ ಓಡಿಸಬೇಡಿ. ಬಿಸಿಲಿಗೆ ಚರ್ಮ ಸುಡುತ್ತದೆ, ಉದ್ದ ತೋಳಿನ ಬಟ್ಟೆ ಹಾಕಿ. ಕಣ್ಣು ಹಳದಿಯಾದರೆ ಅಂದೇ ಬನ್ನಿ.

ನಮ್ಮಲ್ಲಿ ಎಕ್ಸ್-ರೇಯಲ್ಲಿ ಕಲೆ ಕಂಡರೆ ಮೊದಲು ನೆನಪಾಗುವುದು ಟಿ.ಬಿ. ಬೇರೆ ಕಡೆ ಯಾರಾದರೂ ಅದಕ್ಕೆ ರಿಫಾಂಪಿಸಿನ್ ಬರೆದರೆ, ನುಂಗುವ ಮುನ್ನ ಎರಡೂ ಚೀಟಿ ತೋರಿಸಿ. ಅದು ವೊರಿಕೊನಜೋಲ್ ಮಟ್ಟವನ್ನು ಕೆಲಸಕ್ಕೆ ಬಾರದಷ್ಟು ಇಳಿಸುತ್ತದೆ, ಟ್ಯಾಕ್ರೊಲಿಮಸ್ ಮಟ್ಟವನ್ನೂ ಕೆಡಿಸುತ್ತದೆ.

ಹಣದ ತೊಂದರೆಯಿದ್ದರೆ ಸಂಕೋಚಪಡದೆ ಹೇಳಿ, ಕಡಿಮೆ ಬೆಲೆಯ ಜನರಿಕ್ ಹುಡುಕೋಣ. ಆದರೆ ಒಂದು ವಾರದ ಮಾತ್ರೆ ಉಳಿದಿರುವಾಗಲೇ ಹೇಳಿ.